ಕಾಲಂ ಇಲ್ಲ ಎಂದರೆ ಸೊನ್ನೆ ಎಂದರ್ಥವೇ? ಅಂಕಿ ಅಂಶದ ಪಟ್ಟಿ ಫಾರ್ವರ್ಡ್ ಮಾಡುವ ಮುನ್ನ ಇದನ್ನು ತಿಳಿಯಿರಿ

ಮಳೆಗಾಲದ ಒಂದು ಬೆಳಿಗ್ಗೆ ನಿಮ್ಮೂರಿನ ವಾಟ್ಸಾಪ್ ಗುಂಪಿಗೆ ಒಂದು ಪಟ್ಟಿ ಬಂತು ಎಂದುಕೊಳ್ಳಿ. ಕುಮಟಾ ತಾಲೂಕಿನ ಪಂಚಾಯಿತಿಗಳಿಗೆ ಒಂದೊಂದು ಕಾಲಂ, ಕೆಳಗೆ ದಿನವಾರು ಮಳೆಯ ಲೆಕ್ಕ. ಅಕ್ಕಪಕ್ಕದ ಊರುಗಳಲ್ಲಿ ನೂರರ ಆಸುಪಾಸು ಮಿಲಿಮೀಟರ್ ಇದೆ. ಹೊಳನಗದ್ದೆಯ ಕಾಲಂನಲ್ಲಿ ಮಾತ್ರ ಎಲ್ಲ ದಿನವೂ 0. ಜೊತೆಗೊಂದು ಸಾಲು: ‘ನೋಡಿ, ಹೊಳನಗದ್ದೆಗೆ ಹನಿ ಮಳೆಯೂ ಇಲ್ಲ!’ ಅದನ್ನು ಓದುತ್ತಿರುವ ಹೊಳನಗದ್ದೆಯವರ ಅಂಗಳದಲ್ಲಿ ಪಾದ ಮುಳುಗುವಷ್ಟು ನೀರು.

ಪಟ್ಟಿ ಮಾಡಿದವರು ಬೇಕೆಂದೇ ಸುಳ್ಳು ಹೇಳಿದರೇ? ಹಾಗೇನೂ ಇರಬೇಕಿಲ್ಲ. ಇದು ಊಹೆಯ ಉದಾಹರಣೆ, ಆದರೆ ಇಂಥ ತಪ್ಪು ಯಾವ ಎಕ್ಸೆಲ್ ಶೀಟಿನಲ್ಲೂ ನಡೆಯಬಹುದು. ಅದು ಹೇಗೆ ಹುಟ್ಟುತ್ತದೆ ಎಂದು ತಿಳಿದರೆ, ಮುಂದಿನ ಬಾರಿ ಸೊನ್ನೆ ಕಂಡಾಗ ಬೆರಳು ಒಂದು ಕ್ಷಣ ನಿಲ್ಲುತ್ತದೆ.

ಸೊನ್ನೆ ಬೇರೆ, ಖಾಲಿ ಬೇರೆ

ಪರೀಕ್ಷೆ ಬರೆದು ಸೊನ್ನೆ ಪಡೆದ ವಿದ್ಯಾರ್ಥಿ ಒಬ್ಬ, ಪರೀಕ್ಷೆಗೇ ಬಾರದವನು ಇನ್ನೊಬ್ಬ. ಅಂಕಪಟ್ಟಿಯಲ್ಲಿ ಎರಡನೆಯವನಿಗೆ ‘ಗೈರು’ ಎಂದು ಬರೆಯುತ್ತಾರೆಯೇ ಹೊರತು ಸೊನ್ನೆ ಹಾಕುವುದಿಲ್ಲ. ಮಳೆಯ ಲೆಕ್ಕವೂ ಹಾಗೆಯೇ. 0 ಎಂದರೆ ‘ಅಳೆದೆವು, ಮಳೆ ಇರಲಿಲ್ಲ’. ಖಾಲಿ ಎಂದರೆ ‘ಅಳತೆ ನಮ್ಮ ಬಳಿ ಇಲ್ಲ’.

ವ್ಯತ್ಯಾಸ ಎಷ್ಟು ದೊಡ್ಡದು ಎಂದು ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ನಾಲ್ಕು ದಿನಗಳ ಮಳೆ 120, 90, ಖಾಲಿ, 60 ಮಿಲಿಮೀಟರ್. ಎಕ್ಸೆಲ್‌ನ ಸರಾಸರಿ ಸೂತ್ರ ಖಾಲಿ ಕೋಶವನ್ನು ಬಿಟ್ಟು ಮೂರು ದಿನಗಳ ಸರಾಸರಿ 90 ಎನ್ನುತ್ತದೆ. ಆ ಖಾಲಿ ಜಾಗದಲ್ಲಿ 0 ತುಂಬಿದರೆ ಅದೇ ಸೂತ್ರ 67.5 ಎನ್ನುತ್ತದೆ. ಮಳೆ ಬದಲಾಗಲಿಲ್ಲ, ಬದಲಾದದ್ದು ಒಂದು ಕೋಶ ಮಾತ್ರ.

ಕಾಲಂ ಕಾಣೆಯಾಗುವುದು ಹೇಗೆ?

ಬಹುತೇಕ ಸಲ ಮಾಹಿತಿ ಎಲ್ಲಿಗೂ ಹೋಗಿರುವುದಿಲ್ಲ, ಹೆಸರು ಬದಲಾಗಿರುತ್ತದೆ. ನಮಗೆ ‘ಹೊಳನಗದ್ದೆ’ ಮತ್ತು ‘ಹೊಲನಗದ್ದೆ’ ಒಂದೇ ಊರು ಎಂದು ಗೊತ್ತು. ಕಂಪ್ಯೂಟರಿಗೆ ಅವು ಎರಡು ಬೇರೆ ಕಾಲಂಗಳು. ಹೆಸರಿನ ಕೊನೆಗೆ ಒಂದು ಸ್ಪೇಸ್ ಹೆಚ್ಚಾದರೂ ಅದಕ್ಕೆ ಗುರುತು ಸಿಗುವುದಿಲ್ಲ.

ಸರ್ಕಾರವೇ ಹೆಸರು ಬದಲಿಸುವುದೂ ಉಂಟು. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು, ಬಿಜಾಪುರ ವಿಜಯಪುರವಾಯಿತು. ಹಳೆಯ ಹೆಸರು ಹುಡುಕುವಂತೆ ಮಾಡಿಟ್ಟ ಶೀಟಿಗೆ ಹೊಸ ಫೈಲ್ ಕೊಟ್ಟರೆ ಅದರ ಪಾಲಿಗೆ ಗುಲ್ಬರ್ಗ ಕಾಣೆ. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಉದಾಹರಣೆ ಇದೆ. 2011ರ ಜನಗಣತಿಯಲ್ಲಿ ಉತ್ತರ ಕನ್ನಡಕ್ಕೆ 11 ತಾಲೂಕು. ಹಳಿಯಾಳದಿಂದ ಬೇರೆಯಾಗಿ ದಾಂಡೇಲಿ ತಾಲೂಕು ಆದದ್ದು ಅದರ ನಂತರ. ಹಾಗಾಗಿ 2011ರ ತಾಲೂಕುವಾರು ಪಟ್ಟಿಯಲ್ಲಿ ದಾಂಡೇಲಿ ಇಲ್ಲ. ಅಂದರೆ ಅಲ್ಲಿ ಆಗ ಜನರೇ ಇರಲಿಲ್ಲ ಎಂದಲ್ಲ, ಅವರನ್ನು ಹಳಿಯಾಳದ ಲೆಕ್ಕದಲ್ಲಿ ಎಣಿಸಲಾಗಿತ್ತು.

ಆಗ ಕಂಪ್ಯೂಟರ್ ಏನು ಮಾಡುತ್ತದೆ?

ಹಲವು ಫೈಲ್‌ಗಳನ್ನು ಒಟ್ಟುಗೂಡಿಸುವವರು ಎಕ್ಸೆಲ್‌ನ ‘ಪವರ್ ಕ್ವೆರಿ’ ಬಳಸುತ್ತಾರೆ. 2016ರ ಆವೃತ್ತಿಯಿಂದ ಇದು ಎಕ್ಸೆಲ್‌ನ ಒಳಗೇ ಇದೆ. ಫೈಲ್ ಒಳಗೆ ಬಂದ ಕೂಡಲೇ ಇದು ಸಾಮಾನ್ಯವಾಗಿ ತಾನಾಗಿಯೇ ಒಂದು ಹಂತ ಸೇರಿಸುತ್ತದೆ: ಈ ಕಾಲಂ ಸಂಖ್ಯೆ, ಇದು ದಿನಾಂಕ, ಇದು ಅಕ್ಷರ ಎಂದು ವಿಧ ಗೊತ್ತುಮಾಡುವುದು. ಈ ಹಂತದಲ್ಲೇ ಎಡವಟ್ಟು ಆಗುವುದುಂಟು. ಕುಮಟಾದ ದೂರವಾಣಿ ಕೋಡ್ 08386 ಅನ್ನು ಸಂಖ್ಯೆ ಎಂದು ಪರಿವರ್ತಿಸಿದರೆ ಮುಂದಿನ ಸೊನ್ನೆ ಬಿದ್ದುಹೋಗಿ 8386 ಆಗುತ್ತದೆ.

ಈ ಹಂತದಲ್ಲಿ ಮೊದಲ ದಿನ ಕಂಡ ಕಾಲಂಗಳ ಹೆಸರುಗಳು ಒಂದೂ ಬಿಡದೆ ದಾಖಲಾಗಿರುತ್ತವೆ. ಮರುದಿನದ ಫೈಲ್‌ನಲ್ಲಿ ಅವುಗಳಲ್ಲಿ ಒಂದು ಇಲ್ಲದಿದ್ದರೂ ಇಡೀ ಕೆಲಸ ನಿಲ್ಲುತ್ತದೆ, ‘ಈ ಕಾಲಂ ಸಿಗಲಿಲ್ಲ’ ಎಂಬ ಎಚ್ಚರಿಕೆ ಬರುತ್ತದೆ. ಕಾಲಂ ಇದ್ದು, ಒಂದು ಕೋಶದಲ್ಲಿ ಮಾತ್ರ ಅಂಕಿಯ ಬದಲು ‘ಯಂತ್ರ ಕೆಟ್ಟಿದೆ’ ಎಂದು ಬರೆದಿದ್ದರೆ ಆ ಕೋಶದಲ್ಲಷ್ಟೇ ದೋಷ ಕಾಣಿಸುತ್ತದೆ.

ಇಲ್ಲಿಯವರೆಗೆ ಯಂತ್ರ ಪ್ರಾಮಾಣಿಕವಾಗಿಯೇ ಇದೆ. ಅಪಾಯ ಶುರುವಾಗುವುದು ಅವಸರದಲ್ಲಿರುವ ಮನುಷ್ಯ ಆ ಎಚ್ಚರಿಕೆಯ ಬಾಯಿ ಮುಚ್ಚಿಸಲು ಹೊರಟಾಗ. ಕಾಣದ ಕಾಲಂಗೆ ಏನು ಮಾಡಬೇಕು ಎಂದು ಹೇಳಲು ಪವರ್ ಕ್ವೆರಿಯಲ್ಲಿ ಮೂರು ಆಯ್ಕೆಗಳಿವೆ: ದೋಷ ತೋರಿಸು, ಬಿಟ್ಟುಬಿಡು, ಖಾಲಿ ಇಡು. ‘ಸೊನ್ನೆ ತುಂಬು’ ಎನ್ನುವ ನಾಲ್ಕನೆಯ ಆಯ್ಕೆ ಇಲ್ಲ. ಅಂದರೆ ಕಾಣೆಯಾದ ಕಾಲಂನಲ್ಲಿ ಸೊನ್ನೆ ಕಂಡರೆ, ಅದು ಹೆಚ್ಚಾಗಿ ಯಾರೋ ‘ಖಾಲಿ ಚೆನ್ನಾಗಿ ಕಾಣಿಸುವುದಿಲ್ಲ’ ಎಂದು ಆಮೇಲೆ ತುಂಬಿದ್ದು.

ಸರಿಯಾದ ಕ್ರಮ ಯಾವುದು?

ಪಂಚಾಯಿತಿ, ಸಂಘ, ಸೊಸೈಟಿ, ಶಾಲೆಗಳಲ್ಲಿ ಶೀಟ್ ನೋಡಿಕೊಳ್ಳುವವರು ಹೀಗೆ ಮಾಡಬಹುದು:

1. ವಿಧ ಬದಲಿಸುವ ಮೊದಲು ಫೈಲ್‌ನಲ್ಲಿ ನಿಜವಾಗಿ ಇರುವ ಕಾಲಂಗಳ ಹೆಸರನ್ನು ಪಡೆಯಿರಿ. ಪವರ್ ಕ್ವೆರಿಯಲ್ಲಿ ಇದಕ್ಕೆ ‘ಟೇಬಲ್.ಕಾಲಮ್‌ನೇಮ್ಸ್’ ಎಂಬ ಸೂತ್ರವಿದೆ.
2. ಅದನ್ನು ಇರಬೇಕಾದ ಹೆಸರುಗಳ ಪಟ್ಟಿಯ ಜೊತೆ ಹೋಲಿಸಿ. ಗುಲ್ಬರ್ಗ–ಕಲಬುರಗಿಯಂಥ ಹಳೆ–ಹೊಸ ಹೆಸರುಗಳ ಜೋಡಿಯನ್ನು ಬೇರೆ ಬರೆದಿಟ್ಟು ಮೊದಲೇ ಸರಿಪಡಿಸಿ.
3. ಎರಡೂ ಪಟ್ಟಿಯಲ್ಲಿ ಇರುವ ಕಾಲಂಗಳ ವಿಧವನ್ನು ಮಾತ್ರ ಬದಲಿಸಿ. ಆಗ ಒಂದು ಕಾಲಂ ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ.
4. ಇಲ್ಲದ ಕಾಲಂ ಬೇಕೇ ಬೇಕು ಎಂದಾದರೆ ಸೇರಿಸಿ, ಆದರೆ ಖಾಲಿಯಾಗಿ ಇಡಿ.
5. ಯಾವ ಕಾಲಂ ಸಿಗಲಿಲ್ಲ ಎಂಬುದನ್ನು ಪಟ್ಟಿಯ ಕೆಳಗೆ ಕಣ್ಣಿಗೆ ಕಾಣುವಂತೆ ಬರೆಯಿರಿ. ಈ ಐದನೆಯದನ್ನು ಬಿಟ್ಟರೆ ಮೊದಲ ನಾಲ್ಕು ತಪ್ಪನ್ನು ಮುಚ್ಚಿಟ್ಟಂತೆಯೇ.

ಇದರಿಂದ ನಮಗೇನು?

ನಮ್ಮ ಜಿಲ್ಲೆಯ ಅಡಿಕೆ, ಕಾಳುಮೆಣಸು ಬೆಳೆಗಾರರಿಗೆ ಹವಾಮಾನ ಆಧಾರಿತ ಬೆಳೆ ವಿಮೆ ಪರಿಚಿತ. ಇದರಲ್ಲಿ ಪರಿಹಾರ ನಿರ್ಧಾರವಾಗುವುದು ತೋಟ ನೋಡಿ ಅಲ್ಲ, ಮಳೆಮಾಪನ ಕೇಂದ್ರದಂಥ ಹವಾಮಾನ ಕೇಂದ್ರಗಳ ಅಂಕಿಗಳ ಮೇಲೆ. ಬಿಡದೆ ಸುರಿವ ಮಳೆ ಅಡಿಕೆಗೆ ಕೊಳೆ ರೋಗ ತರುತ್ತದೆ. ಯಂತ್ರ ಕೆಟ್ಟ ದಿನವನ್ನು ಯಾರಾದರೂ ಸೊನ್ನೆ ಎಂದು ಓದಿದರೆ, ಸತತ ಮಳೆಯ ಎಣಿಕೆ ಅಲ್ಲಿಗೇ ಕಡಿದುಹೋಗುತ್ತದೆ. ಒಂದು ತಪ್ಪು ಸೊನ್ನೆ ಒಂದು ಮನೆಯ ಒಂದು ವರ್ಷದ ಲೆಕ್ಕವನ್ನೇ ಕೆಡಿಸಬಲ್ಲದು.

ದೊಡ್ಡ ದೇಶಗಳೂ ಇದರಿಂದ ಪಾರಾಗಿಲ್ಲ. 2020ರಲ್ಲಿ ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದವು. ಹಳೆಯ ಮಾದರಿಯ ಎಕ್ಸೆಲ್ ಫೈಲ್‌ನಲ್ಲಿ 65,536 ಸಾಲುಗಳಿಗಿಂತ ಹೆಚ್ಚು ಹಿಡಿಯದಿದ್ದದ್ದೇ ಅದಕ್ಕೆ ಕಾರಣ ಎಂದು ವರದಿಯಾಯಿತು. ಅಲ್ಲಿ ಕಾಣೆಯಾದದ್ದು ಕಾಲಂ ಅಲ್ಲ, ಸಾಲುಗಳು. ಆದರೆ ಪಾಠ ಒಂದೇ: ಪಟ್ಟಿಯಲ್ಲಿ ಇಲ್ಲದ್ದನ್ನು ‘ನಡೆದೇ ಇಲ್ಲ’ ಎಂದು ಓದಿದ್ದು. ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕೆಲಸ ಅದರಿಂದ ತಡವಾಯಿತು.

ಫಾರ್ವರ್ಡ್ ಮಾಡುವ ಮುನ್ನ ಮೂರು ಪ್ರಶ್ನೆ

- ಈ ಸೊನ್ನೆ ಅಳೆದು ಬಂದದ್ದೋ, ಮಾಹಿತಿ ಇಲ್ಲದೆ ತುಂಬಿದ್ದೋ? ಸುತ್ತಲಿನ ಊರುಗಳಿಗೆ ನೂರು, ನಡುವಿನ ಒಂದಕ್ಕೆ ಮಾತ್ರ ಸೊನ್ನೆ ಎಂದಿದ್ದರೆ ಅನುಮಾನಿಸಿ.
- ಊರು, ತಾಲೂಕು, ಜಿಲ್ಲೆಯ ಹೆಸರು ಅಥವಾ ಗಡಿ ಈಚೆಗೆ ಬದಲಾಗಿದೆಯೇ?
- ಪಟ್ಟಿ ಯಾರದು, ಯಾವ ದಿನಾಂಕದ್ದು, ಕೆಳಗೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಟಿಪ್ಪಣಿ ಇದೆಯೇ? ಸ್ಕ್ರೀನ್‌ಶಾಟ್ ತೆಗೆಯುವಾಗ ಮೊದಲು ಕತ್ತರಿಸಿಹೋಗುವುದು ಆ ಟಿಪ್ಪಣಿಯೇ.

ಉತ್ತರ ಸಿಗದಿದ್ದರೆ ಕಳಿಸಬೇಡಿ. ಅಥವಾ ಹೊಳನಗದ್ದೆಯಲ್ಲಿ ಇರುವ ಯಾರಿಗಾದರೂ ಒಂದು ಫೋನ್ ಮಾಡಿ, ‘ನಿಮ್ಮಲ್ಲಿ ಮಳೆ ಬಂತಾ?’ ಎಂದು ಕೇಳಿ.