ಕಟ್ಟಡವನ್ನು ನೋಡಿ ಕಾಲೇಜನ್ನು ಆರಿಸಬಹುದೆ?

ಅಮೆರಿಕ ಸಂಯುಕ್ತ ಸಂಸ್ಥಾನದ ಕಾಲೇಜುಗಳಲ್ಲಿ ಬೇಸ್‌ಬಾಲ್ ಆಟಕ್ಕಿರುವ ಮನ್ನಣೆಯನ್ನು ನಮ್ಮ ವಾಚಕರು ಊಹಿಸಿಕೊಳ್ಳುವುದು ಸುಲಭವಲ್ಲ. 2023ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಮಿಸಿಸಿಪಿ ಸ್ಟೇಟ್ ವಿಶ್ವವಿದ್ಯಾನಿಲಯದ ಡ್ಯೂಡಿ ನೋಬಲ್ ಕ್ರೀಡಾಂಗಣದಲ್ಲಿ ನಡೆದ ಒಂದು ಪಂದ್ಯಕ್ಕೆ 16,423 ಮಂದಿ ಪ್ರೇಕ್ಷಕರು ನೆರೆದಿದ್ದರು. ಆಡುತ್ತಿದ್ದವರೆಲ್ಲರೂ ಕಾಲೇಜು ವಿದ್ಯಾರ್ಥಿಗಳು. ಆ ಕ್ರೀಡಾಂಗಣವನ್ನು ಸುಮಾರು 6.8 ಕೋಟಿ ಡಾಲರುಗಳ ವೆಚ್ಚದಲ್ಲಿ ಹೊಸದಾಗಿ ಕಟ್ಟಿ, 2019ರಲ್ಲಿ ಪೂರ್ಣಗೊಳಿಸಲಾಗಿತ್ತು. ಮೈದಾನದ ಎಡ ಬೇಲಿಯಾಚೆ, ಮನೆಯಲ್ಲಿ ಕುಳಿತೇ ಆಟವನ್ನು ನೋಡುವವರಿಗಾಗಿ ವಾಸದ ಮಹಡಿಗಳನ್ನು ಕೂಡ ನಿರ್ಮಿಸಿದ್ದಾರೆ.

ಇಂಥ ಸ್ಥಳಕ್ಕೆ ಪ್ರೌಢಶಾಲೆಯ ಹದಿನೇಳು ವರ್ಷದ ಹುಡುಗನೊಬ್ಬನನ್ನು ಕರೆತರುತ್ತಾರೆ ಎಂದು ಭಾವಿಸೋಣ. ಅವನು ಒಳ್ಳೆಯ ಎಸೆತಗಾರ. ನಾಲ್ಕಾರು ಕಾಲೇಜುಗಳು ಅವನಿಗಾಗಿ ಸ್ಪರ್ಧಿಸುತ್ತಿವೆ. ಹುಲ್ಲು, ದೀಪಸ್ತಂಭಗಳು, ಒಳಾಂಗಣದ ಅಭ್ಯಾಸಶಾಲೆ, ಆಟಗಾರರ ವಿಶ್ರಾಂತಿಗೃಹ ಇವೆಲ್ಲವನ್ನೂ ಅವನಿಗೆ ತೋರಿಸುತ್ತಾರೆ. ಎರಡು ದಿನಗಳ ಈ ದರ್ಶನದ ಮೇಲೆ ಅವನು ತನ್ನ ಮುಂದಿನ ಮೂರು ನಾಲ್ಕು ವರ್ಷಗಳನ್ನು ನಿರ್ಧರಿಸಬೇಕು. ಕಟ್ಟಡವು ಅವನ ನಿರ್ಧಾರದಲ್ಲಿ ಎಷ್ಟು ತೂಗಬೇಕು? ತೂಗಬೇಕಾದುದು ಉಂಟು, ಆದರೆ ಕಣ್ಣಿಗೆ ಮೊದಲು ಬೀಳುವ ಭಾಗವಲ್ಲ ಎಂಬುದು ನಮ್ಮ ಅಭಿಪ್ರಾಯ. ಈ ಮಾತಿಗೆ ಭೌತಶಾಸ್ತ್ರದ ಆಧಾರವಿರುವುದರಿಂದಲೇ ಈ ಪುಟಗಳಲ್ಲಿ ಅದನ್ನು ಚರ್ಚಿಸಲು ಹೊರಟಿದ್ದೇವೆ.

ಕಾಲೇಜುಗಳು ಕಟ್ಟಡಗಳಿಗೆ ಇಷ್ಟೊಂದು ಹಣವನ್ನು ಸುರಿದುದಕ್ಕೆ ಒಂದು ಕಾರಣವುಂಟು. ಅಲ್ಲಿಯ ಕಾಲೇಜು ಕ್ರೀಡೆಗಳ ನಿಯಾಮಕ ಸಂಸ್ಥೆಯು ಬಹುಕಾಲದವರೆಗೆ ಮೊದಲ ದರ್ಜೆಯ ಒಂದು ಬೇಸ್‌ಬಾಲ್ ತಂಡಕ್ಕೆ 11.7 ಪೂರ್ಣ ವಿದ್ಯಾರ್ಥಿವೇತನಗಳನ್ನು ಮಾತ್ರ ಅನುಮತಿಸಿತ್ತು. ಅವನ್ನು 27 ಆಟಗಾರರವರೆಗೆ ಹಂಚಬಹುದಾಗಿತ್ತು. ಹಾಗೆ ಹಂಚಿದಾಗ ಸರಾಸರಿಯಲ್ಲಿ ಒಬ್ಬನಿಗೆ ಅರ್ಧ ವೇತನವೂ ದೊರೆಯುತ್ತಿರಲಿಲ್ಲ. ಶ್ರೀಮಂತ ಕಾಲೇಜು ಹುಡುಗನಿಗೆ ಹೆಚ್ಚು ಹಣ ಕೊಡಲು ಬಯಸಿದರೂ ನಿಯಮವು ಅಡ್ಡಬರುತ್ತಿತ್ತು. ಕಟ್ಟಡಕ್ಕೆ ಮಾತ್ರ ಅಂಥ ಮಿತಿ ಇರಲಿಲ್ಲ. ಕೈಗೆ ಕೊಡಲಾಗದ ಹಣವು ಹೀಗೆ ಇಟ್ಟಿಗೆ ಗಾರೆಗಳ ರೂಪವನ್ನು ತಾಳಿತು. 2021ರ ಜುಲೈಯಿಂದ ಆಟಗಾರರು ತಮ್ಮ ಹೆಸರು ಮತ್ತು ಚಿತ್ರಗಳ ಬಳಕೆಗೆ ಪ್ರತಿಫಲ ಪಡೆಯಲು ಅವಕಾಶವಾಯಿತು. 2025ರಲ್ಲಿ ವಿದ್ಯಾರ್ಥಿವೇತನದ ಆ ಮಿತಿಯೂ ಹೋಗಿ, ಹೊಸ ಒಪ್ಪಂದಕ್ಕೆ ಸೇರಿದ ಕಾಲೇಜುಗಳ ತಂಡಕ್ಕೆ 34 ಆಟಗಾರರೆಂಬ ಮಿತಿ ಬಂದಿದೆ. ಆದುದರಿಂದ ಹಣಕ್ಕೆ ಬದಲಾಗಿ ನಿಂತಿದ್ದ ಕಟ್ಟಡದ ಆಕರ್ಷಣೆಯನ್ನು ಹೊಸದಾಗಿ ತೂಗಿ ನೋಡುವ ಕಾಲ ಬಂದಿದೆ.

ಸೌಕರ್ಯಗಳಲ್ಲಿ ಕೆಲವು ನಿಜವಾಗಿಯೂ ಅವಶ್ಯವಾದುವು. ಕಾಲೇಜು ಪಂದ್ಯಗಳು ಫೆಬ್ರವರಿಯ ಮಧ್ಯಭಾಗದಲ್ಲಿ ಪ್ರಾರಂಭವಾಗುತ್ತವೆ. ಆಗ ದಕ್ಷಿಣದ ಸಂಸ್ಥಾನಗಳಲ್ಲಿ ಹೊರಗೆ ಆಡಬಹುದು. ಉತ್ತರದಲ್ಲಾದರೋ ಮೈದಾನವು ಹಿಮದಡಿಯಲ್ಲಿರುತ್ತದೆ. ಅಲ್ಲಿ ಬೆಚ್ಚಗಿನ ಅಭ್ಯಾಸಶಾಲೆಯಿಲ್ಲದೆ ಚಳಿಗಾಲದ ತಿಂಗಳುಗಳಲ್ಲಿ ತಕ್ಕ ಅಭ್ಯಾಸವೇ ಸಾಧ್ಯವಾಗದು. ಇದನ್ನು ಆಡಂಬರವೆಂದು ಯಾರೂ ಹೇಳಲಾರರು.

ಆದರೆ ಕಟ್ಟಡವೇ ಗೆಲುವನ್ನು ತರುತ್ತದೆಯೆ? ಮಿಸಿಸಿಪಿ ಸ್ಟೇಟ್ ತಂಡವು 2021ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದಿತು. 2022ರಲ್ಲಿ ಅದೇ ಕ್ರೀಡಾಂಗಣವಿದ್ದ ಅದೇ ತಂಡವು ರಾಷ್ಟ್ರೀಯ ಪಂದ್ಯಾವಳಿಗೆ ಅರ್ಹತೆಯನ್ನೇ ಪಡೆಯಲಿಲ್ಲ. ಕಾರಣವು ಬದಲಾಗದೆ ಕಾರ್ಯವು ಇಷ್ಟು ಬದಲಾದರೆ, ಆ ಕಾರಣವೊಂದೇ ಸಾಲದೆಂದು ಪ್ರಯೋಗಶಾಲೆಯಲ್ಲಿ ನಾವು ತೀರ್ಮಾನಿಸುತ್ತೇವೆ. ಇಲ್ಲಿಯೂ ಹಾಗೆಯೇ. ದೊಡ್ಡ ಕ್ರೀಡಾಂಗಣವುಳ್ಳ ಕಾಲೇಜುಗಳಲ್ಲಿ ಅನೇಕಕ್ಕೆ ಬೆಚ್ಚಗಿನ ಹವೆ, ಶ್ರೀಮಂತ ಹಳೆಯ ವಿದ್ಯಾರ್ಥಿಗಳು, ಅನುಭವಿ ತರಬೇತುದಾರರು ಇವೆಲ್ಲವೂ ಜೊತೆಯಾಗಿ ಇರುತ್ತವೆ. ಒಟ್ಟಿಗೆ ಕಾಣುವ ಎರಡು ಸಂಗತಿಗಳಲ್ಲಿ ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳುವುದು ಅವಸರದ ಮಾತು.

ಇನ್ನೊಂದು ಬಗೆಯ ಸೌಕರ್ಯವುಂಟು. ಅದು ಕಣ್ಣನ್ನು ಅಷ್ಟಾಗಿ ಸೆಳೆಯದು. ಉತ್ತರ ಕೆರೊಲಿನ ಸಂಸ್ಥಾನದ ವೇಕ್ ಫಾರೆಸ್ಟ್ ವಿಶ್ವವಿದ್ಯಾನಿಲಯದಲ್ಲಿ, 2019ರ ಸುಮಾರಿಗೆ, ಚೆಂಡನ್ನು ಎಸೆಯುವ ಕ್ರಿಯೆಯನ್ನೇ ಅಳೆಯುವ ಪ್ರಯೋಗಶಾಲೆಯೊಂದು ಪ್ರಾರಂಭವಾಯಿತು. ಅಲ್ಲಿಯ ವೈದ್ಯಕೀಯ ವಿಭಾಗದ ಸಂಶೋಧಕರೂ ಅದರಲ್ಲಿ ಸೇರಿದ್ದಾರೆ. ಎಸೆತಗಾರನು ನಿಲ್ಲುವ ದಿಬ್ಬದಲ್ಲಿ ಪಾದದ ಒತ್ತಡವನ್ನು ಅಳೆಯುವ ಫಲಕಗಳಿವೆ. ಸುತ್ತಲೂ ಶೀಘ್ರಗತಿಯ ಕ್ಯಾಮೆರಾಗಳಿವೆ. ಇಂಥ ಉಪಕರಣಗಳು ಏಕೆ ಬೇಕೆಂಬುದನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ.

ಎಸೆಯುವ ಸ್ಥಳಕ್ಕೂ ಹೊಡೆಯುವವನ ಬಳಿಯಿರುವ ಫಲಕಕ್ಕೂ ನಡುವಣ ಅಂತರ 18.44 ಮೀಟರ್, ನಮಗೆ ಪರಿಚಿತವಾದ ಕ್ರಿಕೆಟ್ ಪಿಚ್ಚಿಗಿಂತ ಇದು ತುಸು ಕಡಿಮೆ. ಗಂಟೆಗೆ 150 ಕಿಲೋಮೀಟರ್ ವೇಗದ ಚೆಂಡು, ಕೈಬಿಟ್ಟ ಬಿಂದುವಿನಿಂದ ಅಲ್ಲಿಗೆ ಸುಮಾರು 0.4 ಸೆಕೆಂಡಿನಲ್ಲಿ ತಲಪುತ್ತದೆ. ಆ ವೇಗವನ್ನು ಪಡೆಯಲು ಪ್ರಬಲ ಎಸೆತಗಾರನ ಮೇಲ್ತೋಳು ತನ್ನ ಅಕ್ಷದ ಮೇಲೆ ಸೆಕೆಂಡಿಗೆ ಸುಮಾರು 7,000 ಡಿಗ್ರಿಗಳ ವೇಗದಲ್ಲಿ ಹೊರಳುತ್ತದೆ. ಸೆಕೆಂಡಿಗೆ 30 ಚಿತ್ರಗಳನ್ನು ತೆಗೆಯುವ ಸಾಮಾನ್ಯ ಕ್ಯಾಮೆರಾವನ್ನು ಇದರ ಮುಂದಿಟ್ಟರೆ, ಒಂದು ಚಿತ್ರದಿಂದ ಇನ್ನೊಂದಕ್ಕೆ ಈ ವೇಗದಲ್ಲಿ 233 ಡಿಗ್ರಿಗಳ ಅಂತರವಾಗುತ್ತದೆ. ಎಂದರೆ, ಮುಖ್ಯವಾದ ಚಲನೆಯೆಲ್ಲವೂ ಎರಡು ಚಿತ್ರಗಳ ನಡುವೆ ಮಾಯವಾಗುತ್ತದೆ! ಸೆಕೆಂಡಿಗೆ 300 ಚಿತ್ರಗಳಾದರೆ ಅಂತರವು 23 ಡಿಗ್ರಿಗಳಿಗೆ ಇಳಿಯುತ್ತದೆ. ಎಷ್ಟೇ ಅನುಭವಿಯಾದ ತರಬೇತುದಾರನಾದರೂ ಅವನ ಕಣ್ಣು ಈ ಕೆಲಸವನ್ನು ಮಾಡಲಾರದು.

ಇನ್ನು ಮೊಣಕೈಯ ವಿಚಾರ. ಪ್ರೌಢ ಎಸೆತಗಾರರ ಮೇಲೆ 1995ರಲ್ಲಿ ಪ್ರಕಟವಾದ ಅಳತೆಗಳಲ್ಲಿ, ಎಸೆಯುವಾಗ ಮೊಣಕೈಯು ತಡೆದುಕೊಳ್ಳಬೇಕಾದ ತಿರುಚುಬಲವು ಸುಮಾರು 64 ನ್ಯೂಟನ್-ಮೀಟರ್ ಎಂದು ಕಂಡುಬಂದಿತು. ಮೊಣಕೈಯಿಂದ 33 ಸೆಂಟಿಮೀಟರ್ ದೂರದಲ್ಲಿ 20 ಕಿಲೋಗ್ರಾಂ ಭಾರವನ್ನು ತೂಗುಹಾಕಿದರೆ ಉಂಟಾಗುವ ತಿರುಚುಬಲವು ಹೆಚ್ಚು ಕಡಮೆ ಇಷ್ಟೇ. ಅದೂ ಕೈ ಮಡಿಚುವ ದಿಕ್ಕಿನಲ್ಲಲ್ಲ, ಕೀಲನ್ನು ಪಕ್ಕಕ್ಕೆ ಬಿರಿಯಿಸುವ ದಿಕ್ಕಿನಲ್ಲಿ. ಈ ಹೊರೆಯಲ್ಲಿ ದೊಡ್ಡ ಪಾಲನ್ನು ಹೊರುವುದು ಮೊಣಕೈಯ ಒಳಮಗ್ಗುಲಿನ ಒಂದು ಸಣ್ಣ ಅಸ್ಥಿರಜ್ಜು. ಅದು ಹರಿದರೆ ಎಸೆತಗಾರನ ಆಟವು ಮುಗಿದಂತೆಯೇ ಎಂದು ಒಂದು ಕಾಲದಲ್ಲಿ ಭಾವಿಸಲಾಗಿತ್ತು. 1974ರಲ್ಲಿ ಫ್ರ್ಯಾಂಕ್ ಜೋಬ್ ಎಂಬ ವೈದ್ಯರು ಟಾಮಿ ಜಾನ್ ಎಂಬ ಆಟಗಾರರಿಗೆ, ಅವರ ಇನ್ನೊಂದು ಕೈಯಿಂದ ತೆಗೆದ ಸ್ನಾಯುರಜ್ಜುವನ್ನು ಜೋಡಿಸಿದ ಬಳಿಕ ಆ ಸ್ಥಿತಿ ಬದಲಾಯಿತು. ಇಂದಿಗೂ ಆ ಚಿಕಿತ್ಸೆಗೆ ಆಟಗಾರನ ಹೆಸರೇ ಉಳಿದಿದೆ. ಆದರೆ ಚಿಕಿತ್ಸೆಯ ಬಳಿಕ ಪಂದ್ಯಕ್ಕೆ ಮರಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುವುದು ಸಾಮಾನ್ಯ. ಕಾಲೇಜಿನ ನಾಲ್ಕು ವರ್ಷಗಳಲ್ಲಿ ಒಂದು ವರ್ಷವೆಂದರೆ ಅಲ್ಪವಲ್ಲ. ಆ ಹದಿನೇಳರ ಹುಡುಗನ ನಿರ್ಧಾರದಲ್ಲಿ ಪಣಕ್ಕಿಟ್ಟಿರುವುದು ಈ ಕೈಯೇ ಎಂಬುದನ್ನು ಮರೆಯಬಾರದು.

ಪ್ರಯೋಗಶಾಲೆಯ ಕೀರ್ತಿಯೂ ಆಟಗಾರರನ್ನು ಸೆಳೆಯದಿರಲಿಲ್ಲ. 1955ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನು ಗೆದ್ದ ಬಳಿಕ ವೇಕ್ ಫಾರೆಸ್ಟ್ ತಂಡವು ಒಮಾಹ ನಗರದ ಅಂತಿಮ ಹಂತಕ್ಕೆ ಮತ್ತೆ ಬಂದುದು 2023ರಲ್ಲಿಯೇ. 2024ರಲ್ಲಿ ಆ ತಂಡದ ಮೂವರು, ವೃತ್ತಿಪರ ತಂಡಗಳ ವಾರ್ಷಿಕ ಆಯ್ಕೆಯ ಮೊದಲ ಹತ್ತು ಸ್ಥಾನಗಳಲ್ಲಿದ್ದರು. ಅವರಲ್ಲಿ ಎರಡನೆಯ ಸ್ಥಾನ ಪಡೆದ ಚೇಸ್ ಬರ್ನ್ಸ್ ಎಂಬ ಎಸೆತಗಾರರು ಟೆನೆಸಿ ವಿಶ್ವವಿದ್ಯಾನಿಲಯವನ್ನು ಬಿಟ್ಟು ಇಲ್ಲಿಗೆ ಬಂದವರು. ಆದರೂ ಅದೇ 2024ರಲ್ಲಿ ತಂಡವು ರಾಷ್ಟ್ರೀಯ ಪಂದ್ಯಾವಳಿಯ ಮೊದಲ ಹಂತದಲ್ಲಿಯೇ ಸೋತು ಹೊರಬಿತ್ತು. ಪ್ರಯೋಗಶಾಲೆ ಒಬ್ಬ ಎಸೆತಗಾರನನ್ನು ತಿದ್ದಬಲ್ಲುದು. ಪಂದ್ಯವನ್ನು ಗೆದ್ದುಕೊಡುವ ಹೊಣೆಯನ್ನು ಹೊರಲಾರದು.

ಅಷ್ಟೇ ಅಲ್ಲ, ಉಪಕರಣವು ಇಬ್ಬಾಯ ಕತ್ತಿಯಿದ್ದಂತೆ. ಚೆಂಡಿನ ವೇಗವನ್ನು ತೋರಿಸುವ ರೇಡಾರ್ ಈಗ ಎಲ್ಲೆಲ್ಲಿಯೂ ಇದೆ. ಅಂಕಿ ಕಣ್ಣೆದುರಿಗಿರುವಾಗ ಪ್ರತಿ ಎಸೆತದಲ್ಲಿಯೂ ಅದನ್ನು ಹೆಚ್ಚಿಸುವ ಹಂಬಲ ಹುಟ್ಟುತ್ತದೆ. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಸಂಸ್ಥೆಯಾದ ಮೇಜರ್ ಲೀಗ್, 2024ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ವರದಿಯೊಂದರಲ್ಲಿ, ಎಸೆತಗಾರರ ಗಾಯಗಳು ಹೆಚ್ಚಲು ವೇಗದ ಬೆನ್ನುಹತ್ತುವಿಕೆ ಮುಖ್ಯ ಕಾರಣಗಳಲ್ಲೊಂದು ಎಂದಿದೆ. ಅಳತೆಯು ಕೈಯನ್ನು ಕಾಪಾಡಬಲ್ಲುದು, ಕೆಡಿಸಲೂ ಬಲ್ಲುದು. ಯಾವುದು ಆಗುವುದೆಂಬುದು ಅಂಕಿಯನ್ನು ಓದಿ ಅರ್ಥ ಹೇಳುವವನ ವಿವೇಕವನ್ನು ಅವಲಂಬಿಸಿದೆ.

ಆದುದರಿಂದ ಆ ಹುಡುಗನು ಕೇಳಬೇಕಾದ ಪ್ರಶ್ನೆಗಳು ಬೇರೆ. ಮೊದಲ ವರ್ಷದ ವಿದ್ಯಾರ್ಥಿಗೆ ಈ ಉಪಕರಣದ ಮೇಲೆ ಎಷ್ಟು ಬಾರಿ ಅವಕಾಶ ದೊರೆಯುತ್ತದೆ? ಅಳತೆಗಳನ್ನು ಓದುವವರು ಯಾರು, ಅವರು ಪ್ರತಿದಿನವೂ ಇರುತ್ತಾರೆಯೆ? ತನ್ನ ಅಂಕಿಗಳನ್ನು ತನಗೂ ತಿಳಿಸುತ್ತಾರೆಯೆ? ಕಳೆದ ಐದು ವರ್ಷಗಳಲ್ಲಿ ಇಲ್ಲಿ ಎಷ್ಟು ಮಂದಿಯ ಮೊಣಕೈಗೆ ಶಸ್ತ್ರಚಿಕಿತ್ಸೆಯಾಯಿತು? ಇವುಗಳಿಗೆ ನೇರವಾದ ಉತ್ತರ ದೊರೆತರೆ ಮೈದಾನದ ಹುಲ್ಲು ಸ್ವಲ್ಪ ಮಾಸಿದ್ದರೂ ಚಿಂತೆಯಿಲ್ಲ.

ಬೇಸ್‌ಬಾಲನ್ನು ಎಂದೂ ಆಡದ ನಮ್ಮ ವಿದ್ಯಾರ್ಥಿಗಳಿಗೆ ಇದರಿಂದ ಪ್ರಯೋಜನವೇನೆಂದು ಕೆಲವರು ಕೇಳಬಹುದು. ನಾವು ಓದಿದ ಕಾಲೇಜಿನಲ್ಲಿ ಗಾಜಿನ ಬೀರುವೊಂದರಲ್ಲಿ ಬೆಲೆಬಾಳುವ ರೋಹಿತಮಾಪಕವೊಂದಿತ್ತು. ಕಾಲೇಜನ್ನು ನೋಡಬಂದ ತಂದೆತಾಯಿಗಳಿಗೆಲ್ಲ ಅದನ್ನು ತಪ್ಪದೆ ತೋರಿಸುತ್ತಿದ್ದರು. ನಾವು ಅಲ್ಲಿದ್ದ ಮೂರು ವರ್ಷಗಳಲ್ಲಿ ಬೀರುವಿನ ಬೀಗವನ್ನು ತೆಗೆದುದನ್ನು ನಾವು ಕಾಣಲಿಲ್ಲ. ಸೋಡಿಯಂ ದೀಪದ ಎರಡು ಹಳದಿ ರೇಖೆಗಳನ್ನು ನಾವು ಮೊದಲು ಬೇರೆಬೇರೆಯಾಗಿ ಕಂಡುದು ಇನ್ನೊಂದು ಊರಿನ ಹಳೆಯ ಪ್ರಯೋಗಶಾಲೆಯಲ್ಲಿ. ಅಲ್ಲಿಯ ಉಪಕರಣದ ಬಣ್ಣ ಉದುರಿತ್ತು. ಆದರೆ ಅದು ವಿದ್ಯಾರ್ಥಿಗಳ ಕೈಯಲ್ಲಿತ್ತು, ಪಕ್ಕದಲ್ಲಿ ಕಲಿಸುವವರು ನಿಂತಿದ್ದರು.

ಕಾಲೇಜನ್ನು ಆರಿಸುವ ಕಾಲದಲ್ಲಿ ವಿದ್ಯಾರ್ಥಿಗಳು ಬೀರುವಿನಲ್ಲೇನಿದೆ ಎಂದು ಕೇಳುವುದರೊಡನೆ, ಅದರ ಬೀಗದ ಕೈ ಯಾರ ಬಳಿಯಿದೆ, ಎಷ್ಟು ದಿನಗಳಿಗೊಮ್ಮೆ ತೆರೆಯುತ್ತಾರೆ ಎಂದೂ ಕೇಳಲಿ.