ಆಫ್ರಿಕದ ಮೃಗದರ್ಶನ: ಗೃಹಸ್ಥನ ಲೆಕ್ಕ

ದೇವನಹಳ್ಳಿಯ ಬಳಿ 2008ರ ಮೇ ತಿಂಗಳಿನಲ್ಲಿ ವಿಮಾನನಿಲ್ದಾಣವು ತೆರೆದಂದಿನಿಂದ ಸುತ್ತಲಿನ ತಾಲ್ಲೂಕುಗಳ ಮನೆಗಳಲ್ಲಿ ದೇಶಾಂತರ ಪ್ರಯಾಣದ ಮಾತು ಅಪರೂಪವಲ್ಲದಂತಾಗಿದೆ. ಕಾಶಿ ರಾಮೇಶ್ವರಗಳಿಗೆಂದು ಹಣ ಕೂಡಿಡುತ್ತಿದ್ದ ಸಂಸಾರಗಳಲ್ಲಿ ಈಗ ಮಕ್ಕಳು ಆಫ್ರಿಕದ ಸಿಂಹವನ್ನು ನೋಡಬೇಕೆಂದು ಹಟ ಹಿಡಿಯುವುದುಂಟು. ತಂದೆತಾಯಿಗಳಿಗೂ ಒಳಗೊಳಗೇ ಆ ಆಸೆ ಇಲ್ಲದಿಲ್ಲ. ಇದನ್ನು ದುಂದುಗಾರಿಕೆಯೆಂದು ಹಳಿಯುವವರ ಪಂಗಡಕ್ಕೆ ನಾವು ಸೇರಿದವರಲ್ಲ. ಆದರೆ ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗಗಳನ್ನಿಟ್ಟುಕೊಂಡವರಾಗಲಿ, ಹೊಸಕೋಟೆಯಲ್ಲಿ ಡೈರಿಗೆ ಹಾಲು ಹಾಕಿ ಜೀವನ ಸಾಗಿಸುವವರಾಗಲಿ, ಹಲವು ವರ್ಷಗಳ ಉಳಿತಾಯವನ್ನು ಒಂದು ವಾರದಲ್ಲಿ ವೆಚ್ಚ ಮಾಡಹೊರಟಾಗ, ಆ ಹಣವು ಎಲ್ಲೆಲ್ಲಿ ಸೋರುವುದೆಂಬುದನ್ನು ಮೊದಲೇ ಅರಿತಿರುವುದು ಲೇಸು. ಪ್ರವಾಸದ ಏಜೆಂಟರು ಹಂಚುವ ಬಣ್ಣದ ಹಾಳೆಗಳಲ್ಲಿ ಈ ಸಂಗತಿ ದೊರೆಯಲಾರದು.

ಸಫಾರಿ ಎಂಬುದು ಸ್ವಾಹಿಲಿ ಭಾಷೆಯ ಮಾತು. ಪ್ರಯಾಣವೆಂದು ಅದರ ಅರ್ಥ. ಈ ಪ್ರಯಾಣದ ವೆಚ್ಚವನ್ನು ನಿರ್ಣಯಿಸುವುದರಲ್ಲಿ ತಿಂಗಳಿನಷ್ಟು ಮುಖ್ಯವಾದುದು ಬೇರೊಂದಿಲ್ಲ. ಕೀನ್ಯ ದೇಶದ ಮಸಾಯಿ ಮಾರಾ ಹುಲ್ಲುಗಾವಲಿನಲ್ಲಿ ವಿದೇಶೀಯರಾದ ವಯಸ್ಕರಿಗೆ ತಲೆಗೊಂದಕ್ಕೆ ದಿನದ ಪ್ರವೇಶ ಶುಲ್ಕವು, 2024ರಲ್ಲಿ ಜಾರಿಗೆ ಬಂದ ದರದಂತೆ, ಜನವರಿಯಿಂದ ಜೂನ್‌ವರೆಗೆ 100 ಡಾಲರು, ಜುಲೈಯಿಂದ ಡಿಸೆಂಬರ್‌ವರೆಗೆ 200 ಡಾಲರು. ವೈಲ್ಡಬೀಸ್ಟ್ ಎಂಬ, ದನವನ್ನು ಹೋಲುವ ಮೃಗಗಳು ಲಕ್ಷಗಟ್ಟಲೆಯಾಗಿ ಮಾರಾ ನದಿಯನ್ನು ದಾಟಿ ಬರುವುದು ಜುಲೈಯಿಂದ ಅಕ್ಟೋಬರ್‌ವರೆಗಾದುದರಿಂದ ಈ ಏರಿಕೆ. ನಮ್ಮ ಮಕ್ಕಳಿಗೆ ದಸರೆಯ ರಜೆ ಬರುವುದು ಸರಿಯಾಗಿ ಆ ದುಬಾರಿ ಕಾಲದಲ್ಲಿ. ದಂಪತಿಗಳಿಬ್ಬರಿಗೆ ಎರಡು ದಿನದ ಪ್ರವೇಶವೇ 800 ಡಾಲರಾಯಿತು! ಬೇಸಗೆಯ ರಜೆಯಲ್ಲಿ ಹೋಗೋಣವೆಂದರೆ ಏಪ್ರಿಲ್ ಮೇ ತಿಂಗಳುಗಳು ಅಲ್ಲಿ ದೊಡ್ಡ ಮಳೆಯ ಕಾಲ. ಶುಲ್ಕ ಅರ್ಧವಾದರೂ ದಾರಿಯು ಕೆಸರಾಗಿ ಮೋಟಾರು ಹೂತುಕೊಳ್ಳುವ ಸಂಭವವೇ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿಲ್ಲದವರು ಜನವರಿ ಫೆಬ್ರವರಿಗಳಲ್ಲಿ ಹೋಗುವುದು ಒಳ್ಳಿತು. ನದಿ ದಾಟುವ ಹಿಂಡುಗಳು ಆಗ ಕಾಣಸಿಗುವುದಿಲ್ಲ. ಸಿಂಹ, ಜಿರಾಫೆ, ಆನೆಗಳು ವರ್ಷವಿಡೀ ಅಲ್ಲಿಯೇ ಇರುತ್ತವೆ.

ಇನ್ನೊಂದು ವಿಷಯ. ಪ್ರವೇಶ ಶುಲ್ಕವು ತಲೆಗೆ ಇಷ್ಟೆಂದು, ವಾಹನದ ಬಾಡಿಗೆಯು ವಾಹನಕ್ಕೆ ಇಷ್ಟೆಂದು. ಇಬ್ಬರೇ ಏರಿದರೂ ಆರು ಜನ ಏರಿದರೂ ಚಾಲಕನಿಗೆ ಕೊಡತಕ್ಕುದು ಒಂದೇ ಆದುದರಿಂದ, ಅಣ್ಣತಮ್ಮಂದಿರ ಇಲ್ಲವೆ ಬೀಗರ ಎರಡು ಸಂಸಾರಗಳು ಕೂಡಿ ಹೊರಟರೆ ಈ ಬಾಬಿನ ಹೊರೆಯು ಅರ್ಧಕ್ಕೆ ಇಳಿಯುವುದು. ಬೀಗರೊಡನೆ ಒಂದು ವಾರ ಒಂದೇ ಗಾಡಿಯಲ್ಲಿ ಕುಳಿತಿರುವುದು ಸಾಧ್ಯವೇ ಎಂಬುದನ್ನು ಮಾತ್ರ ಅವರವರೇ ತೀರ್ಮಾನಿಸಿಕೊಳ್ಳಬೇಕು.

ಮಕ್ಕಳಿರುವ ಮನೆಯವರಿಗೆ ನಾವು ಹೆಚ್ಚಾಗಿ ಸೂಚಿಸುವುದು ದಕ್ಷಿಣ ಆಫ್ರಿಕದ ಕ್ರೂಗರ್ ಉದ್ಯಾನವನ್ನು. 1898ರಲ್ಲಿ ಸಾಬಿ ಎಂಬ ಹೆಸರಿನ ರಕ್ಷಿತ ವನವಾಗಿ ಆರಂಭವಾಗಿ, 1926ರಲ್ಲಿ ರಾಷ್ಟ್ರೀಯ ಉದ್ಯಾನವೆನಿಸಿದ ಇದರ ವಿಸ್ತೀರ್ಣ ಸುಮಾರು 19,500 ಚದರ ಕಿಲೋಮೀಟರು. ಬೆಂಗಳೂರು ಗ್ರಾಮಾಂತರ ಜಿಲ್ಲೆಯಂತಹ ಎಂಟು ಜಿಲ್ಲೆಗಳನ್ನು ಅದರೊಳಗೆ ಇರಿಸಬಹುದು. ಅಲ್ಲಿ ಬಾಡಿಗೆಯ ಸಾಮಾನ್ಯ ಕಾರನ್ನು ತಾವೇ ನಡೆಸಿಕೊಂಡು ಹೋಗಲು ಅನುಮತಿಯುಂಟು. ಮಾರ್ಗದರ್ಶಕನ ಸಂಬಳವೂ ದೊಡ್ಡ ಜೀಪಿನ ಬಾಡಿಗೆಯೂ ಉಳಿಯುತ್ತವೆ. ನಮ್ಮಂತೆಯೇ ಆ ದೇಶದಲ್ಲಿಯೂ ವಾಹನಗಳು ರಸ್ತೆಯ ಎಡಮಗ್ಗುಲಲ್ಲಿ ಚಲಿಸುತ್ತವೆ. ಡಾಂಬರು ದಾರಿಯಲ್ಲಿ ಗಂಟೆಗೆ 50, ಮಣ್ಣುದಾರಿಯಲ್ಲಿ 40 ಕಿಲೋಮೀಟರಿಗೆ ಮೀರಕೂಡದು. ಗೊತ್ತುಮಾಡಿದ ಸ್ಥಳಗಳಲ್ಲದೆ ಬೇರೆಲ್ಲಿಯೂ ಕಾರಿನಿಂದ ಇಳಿಯಕೂಡದು. ಸಂಜೆ ಬಾಗಿಲು ಮುಚ್ಚುವುದರೊಳಗೆ ಬೇಲಿಯೊಳಗಣ ಶಿಬಿರವನ್ನು ಸೇರಿರಬೇಕು. ಈ ಶಿಬಿರಗಳಲ್ಲಿ ಸರ್ಕಾರದ ಗುಡಿಸಿಲುಗಳೂ ಅಡಿಗೆ ಮಾಡಿಕೊಳ್ಳುವ ಅನುಕೂಲವೂ ಇರುವುದರಿಂದ, ಅಕ್ಕಿ ಬೇಳೆಗಳನ್ನು ಅಲ್ಲಿಯೇ ಕೊಂಡು ಅನ್ನ ಸಾರು ಮಾಡಿಕೊಂಡರೆ ಹೋಟೆಲಿನ ಖರ್ಚು ತಪ್ಪಿತು. ಮೇ ತಿಂಗಳಿಂದ ಅಲ್ಲಿ ಒಣ ಚಳಿಗಾಲ. ಹುಲ್ಲು ಬಾಡಿ, ಎಲೆಯುದುರಿ, ಮೃಗಗಳು ನೀರಿನ ತಾಣಗಳನ್ನು ಹುಡುಕಿಕೊಂಡು ಬರಲು ತೊಡಗುತ್ತವೆ. ನಮ್ಮ ಬೇಸಗೆ ರಜೆಯ ಕಡೆಯ ವಾರಗಳು ಇದಕ್ಕೆ ಹೊಂದುತ್ತವೆ. ಮಲೇರಿಯದ ಭಯವೂ ಚಳಿಗಾಲದಲ್ಲಿ ಕಡಮೆ. ಆದರೂ ವೈದ್ಯರನ್ನು ಕೇಳದೆ ಹೊರಡಬಾರದು. ಶಿಬಿರದ ಗುಡಿಸಿಲುಗಳನ್ನು ಹಲವು ತಿಂಗಳು ಮುಂಚಿತವಾಗಿ ಕಾದಿರಿಸಬೇಕು.

ಕೀನ್ಯಕ್ಕೇ ಹೋಗಬಯಸುವ ಬಡ ಮಧ್ಯಮದವರಿಗೆ ನೈರೋಬಿ ನಗರದ ಮಗ್ಗುಲಲ್ಲಿಯೇ, 1946ರಲ್ಲಿ ಸ್ಥಾಪಿತವಾದ, 117 ಚದರ ಕಿಲೋಮೀಟರಿನ ಉದ್ಯಾನವೊಂದಿದೆ. ಊರಿನ ಎತ್ತರದ ಕಟ್ಟಡಗಳನ್ನು ಹಿನ್ನೆಲೆಯಲ್ಲಿಟ್ಟುಕೊಂಡು ಸಿಂಹವೂ ಘೇಂಡಾಮೃಗವೂ ಅಲ್ಲಿ ಕಾಣುತ್ತವೆ. ಅರ್ಧ ದಿನ ಸಾಕು. ಊಟದ ಚಿಂತೆಯೂ ಬೇಡ. 1896ರಲ್ಲಿ ಮೊಂಬಾಸದಿಂದ ರೈಲುದಾರಿ ಹಾಕತೊಡಗಿದಾಗ ಭಾರತದಿಂದ ಮೂವತ್ತು ಸಾವಿರಕ್ಕೂ ಮಿಕ್ಕಿ ಕೂಲಿಗಳನ್ನು ಕರೆದೊಯ್ದರು. 1898ರಲ್ಲಿ ಸಾವೋ ಎಂಬಲ್ಲಿ ಎರಡು ಸಿಂಹಗಳು ಅವರಲ್ಲಿ ಅನೇಕರನ್ನು ತಿಂದುವು. ಆ ಬಳಿಕ ನೆಲೆಸಿದ ಭಾರತೀಯರ ದೆಸೆಯಿಂದ ನೈರೋಬಿಯಲ್ಲಿ ಶಾಕಾಹಾರವು ಸುಲಭವಾಗಿ ದೊರೆಯುತ್ತದೆ. ಕೀನ್ಯದಿಂದ ಹಿಂತಿರುಗುವವರಲ್ಲಿ ಹಳದಿಜ್ವರದ ಚುಚ್ಚುಮದ್ದಿನ ಪತ್ರವಿಲ್ಲದಿದ್ದರೆ ನಮ್ಮ ಸರ್ಕಾರವೇ ಅವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿರಿಸಬಹುದು. ಚುಚ್ಚಿಸಿಕೊಂಡ ಹತ್ತು ದಿನಗಳ ಮೇಲೆಯೇ ಆ ಪತ್ರಕ್ಕೆ ಬೆಲೆ. ಅರುವತ್ತು ದಾಟಿದ ಹಿರಿಯರು ವೈದ್ಯರ ಸಲಹೆ ಪಡೆದೇ ಚುಚ್ಚಿಸಿಕೊಳ್ಳಬೇಕು.

ಏಜೆಂಟರಾರೂ ಬರೆಯದ ಒಂದು ಬಾಬು ಮನೆಯಲ್ಲಿಯೇ ಇದೆ. ಹತ್ತು ದಿನ ಮಗ್ಗ ನಿಂತರೆ ನೇಯ್ಗೆಯ ವರಮಾನವೂ ನಿಂತಿತು. ಹಸುಗಳನ್ನು ಕರೆಯುವವರಾರು, ಮುದುಕಿಯಾದ ತಾಯಿಯ ಬಳಿ ಇರುವವರಾರು, ಅವರಿಗೆ ಕೊಡಬೇಕಾದುದೆಷ್ಟು ಎಂಬುದನ್ನೂ ವಿಮಾನದ ಟಿಕೆಟಿನ ಸಾಲಿನಲ್ಲಿಯೇ ಬರೆದು ಕೂಡಿಸಬೇಕು.

ಇಷ್ಟು ಹಣ ಹಾಕುವ ಮುನ್ನ ಮನೆಯವರಿಗೆ ಮೃಗದರ್ಶನದಲ್ಲಿ ನಿಜವಾದ ಆಸಕ್ತಿಯಿದೆಯೇ ಎಂದು ಹತ್ತಿರದಲ್ಲಿಯೇ ಪರೀಕ್ಷಿಸಿಕೊಳ್ಳಬಹುದು. ದೊಡ್ಡಬಳ್ಳಾಪುರದಿಂದ ಗೌರಿಬಿದನೂರಿನವರೆಗೆ ರೈಲಿದೆ. ಅಲ್ಲಿಂದ ಮುಂದೆ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ, 2007ರಲ್ಲಿ ಸರ್ಕಾರವು ರಕ್ಷಿತ ಪ್ರದೇಶವೆಂದು ಸಾರಿದ 798 ಎಕರೆಯ ಜಯಮಂಗಲಿ ಹುಲ್ಲುಗಾವಲಿದೆ. ಪೂರ್ವದ ಧರ್ಮಶಾಸ್ತ್ರಕಾರರು ಯಜ್ಞಭೂಮಿಯ ಲಕ್ಷಣವೆಂದು ಎಣಿಸಿದ ಕೃಷ್ಣಮೃಗವು ಇಲ್ಲಿ ಹಿಂಡುಹಿಂಡಾಗಿ ಮೇಯುತ್ತದೆ. ಸುರುಳಿ ಸುತ್ತಿದ ಕೊಂಬಿನ ಕಪ್ಪು ಗಂಡುಗಳು, ಹೊಂಬಣ್ಣದ ಹೆಣ್ಣುಗಳು. ಇದನ್ನು ಬೆನ್ನಟ್ಟುತ್ತಿದ್ದ ಚೀತಾ ನಮ್ಮ ದೇಶದಲ್ಲಿ ಅಳಿದುದೆಂದು 1952ರಲ್ಲಿ ಸರ್ಕಾರವೇ ಸಾರಿತು; 2022ರಲ್ಲಿ ಆಫ್ರಿಕದ ನಮೀಬಿಯದಿಂದ ಎಂಟನ್ನು ತರಿಸಿ ಮಧ್ಯಪ್ರದೇಶದ ಕೂನೋದಲ್ಲಿ ಬಿಡಬೇಕಾಯಿತು. ಬೆಳಗಿನ ಹೊತ್ತು ದುರ್ಬೀನು ಹಿಡಿದು ಎರಡು ಗಂಟೆ ಸದ್ದಿಲ್ಲದೆ ಕುಳಿತಿರಬಲ್ಲ ಮಕ್ಕಳು ಕ್ರೂಗರಿನಲ್ಲಿಯೂ ಕುಳಿತಾರು. ಅರ್ಧ ಗಂಟೆಗೇ ಬೇಸತ್ತವರನ್ನು ಆಫ್ರಿಕಕ್ಕೆ ಕರೆದೊಯ್ಯುವ ಕಾಲ ಇನ್ನೂ ಬಂದಿಲ್ಲವೆಂದು ತಿಳಿಯತಕ್ಕುದು. ಮೋಟಾರು ಬೈಕುಗಳಲ್ಲಿ ಹಿಂಡನ್ನು ಅಟ್ಟಿಕೊಂಡು ಹೋಗುವುದು ಆಟವಲ್ಲ, ಅಪರಾಧ.

ಎರಡನೆಯ ಪರೀಕ್ಷೆ ಬಂಡೀಪುರದಲ್ಲಾಗಬಹುದು. ಅರಣ್ಯ ಇಲಾಖೆಯ ಬಸ್ಸಿನಲ್ಲಿ ಆಸನಕ್ಕೆ ಇಷ್ಟೆಂದು ಕೊಟ್ಟರಾಯಿತು, ಜೀಪು ಹಿಡಿಯಬೇಕಾಗಿಲ್ಲ. ಆದರೆ 2025ರ ನವೆಂಬರಿನಲ್ಲಿ, ಕಾಡಂಚಿನ ರೈತರು ಹುಲಿಗೆ ಬಲಿಯಾದ ಕಾರಣ, ಬಂಡೀಪುರ ನಾಗರಹೊಳೆಗಳೆರಡರಲ್ಲಿಯೂ ಸಫಾರಿಯನ್ನು ನಿಲ್ಲಿಸಲಾಗಿತ್ತು. ಉತ್ತವನ ಪ್ರಾಣವು ನಮ್ಮ ನೋಟದ ಸುಖಕ್ಕಿಂತ ಮುಂದಿನದಾದುದರಿಂದ ಅದನ್ನು ನಾವು ಆಕ್ಷೇಪಿಸೆವು. ಹೊರಡುವ ಮುನ್ನ ಇಲಾಖೆಯವರನ್ನು ವಿಚಾರಿಸಿಕೊಂಡು, ಅನುಮತಿಯಿರುವ ದಿನವನ್ನು ನೋಡಿ ಬಸ್ಸು ಹತ್ತಬೇಕು.

ಮಕ್ಕಳ ಪಾಸ್‌ಪೋರ್ಟಿಗೆ ಐದು ವರ್ಷಗಳ ಅವಧಿ ಮಾತ್ರವಾದುದರಿಂದ, ಈ ಎರಡು ಪ್ರವಾಸಗಳನ್ನು ಮುಗಿಸಿ ಮನಸ್ಸು ಗಟ್ಟಿಯಾದ ಮೇಲೆ ಅದಕ್ಕೆ ಅರ್ಜಿ ಹಾಕಿದರೆ ಸಾಕು.