ಮದುವೆ ಔಷಧವಲ್ಲ

ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಆಯುಷ್ಯ ಕಳೆಯುತ್ತಿರುವ ನಾನು ಸ್ತ್ರೀಯರ ಆರೋಗ್ಯವನ್ನು ಕುರಿತು ಬರೆಯಹೊರಟಿರುವುದು ವಾಚಕರಿಗೆ ವಿಚಿತ್ರವೆನಿಸಬಹುದು. ನಾನು ವೈದ್ಯನಲ್ಲ; ಹದಿನೆಂಟು ವರ್ಷದ ಮಗಳ ತಂದೆ ಎಂಬುದಷ್ಟೇ ನನ್ನ ಅರ್ಹತೆ. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಎರಡು ವರ್ಷಗಳ ಹಿಂದೆ ಅವಳ ಮುಟ್ಟು ಮೂರು ನಾಲ್ಕು ತಿಂಗಳಿಗೊಮ್ಮೆ ಆಗತೊಡಗಿತು. ಮೊಡವೆಗಳ ಜೊತೆಗೆ ಗದ್ದದ ಮೇಲೆ ಕೂದಲೂ ಕಾಣಿಸಿಕೊಂಡಿತು. ಊರಿನಿಂದ ಬಂದ ಹಿರಿಯರು, "ಮದುವೆಯಾದರೆ ಎಲ್ಲ ಸರಿಹೋಗುತ್ತದೆ, ಹೊರಗೆ ಬಾಯಿಬಿಡಬೇಡಿ" ಎಂದರು. ನಾವೂ ಬಾಯಿಬಿಡಲಿಲ್ಲ. ಹೀಗೆ ಒಂದು ವರ್ಷ ವ್ಯರ್ಥವಾಯಿತು. ಕಡೆಗೆ ಇಲ್ಲಿಯ ವೈದ್ಯೆಯೊಬ್ಬರು ಪರೀಕ್ಷಿಸಿ, ಇದು ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್ ಎಂದು ತಿಳಿಸಿದರು.

ಹೆಸರು ಅಂಡಾಶಯದ್ದಾದರೂ ತೊಂದರೆ ಇಡೀ ದೇಹದ್ದು. ಈ ತೊಂದರೆಯುಳ್ಳ ಅನೇಕರಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದು. ಅದನ್ನು ಸರಿದೂಗಿಸಲು ದೇಹವು ಇನ್ನಷ್ಟು ಇನ್ಸುಲಿನ್ ಸ್ರವಿಸುತ್ತದೆ. ಅದರಿಂದ ಅಂಡಾಶಯದಲ್ಲಿ ಪುರುಷ ಹಾರ್ಮೋನು ಹೆಚ್ಚಿ, ಅಂಡವು ಕಾಲಕಾಲಕ್ಕೆ ಬಿಡುಗಡೆಯಾಗುವುದಿಲ್ಲ. ಅಲಕ್ಷಿಸಿದರೆ ಮುಂದೆ ಮಧುಮೇಹ, ರಕ್ತದೊತ್ತಡ, ಬಂಜೆತನ, ಮನೋವ್ಯಾಕುಲ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಇವುಗಳ ಸಂಭವ ಹೆಚ್ಚುತ್ತದೆ. ಕಟ್ಟದೆ ಬಿಟ್ಟ ಸಾಲಕ್ಕೆ ಬಡ್ಡಿ ಬೆಳೆದಂತೆ ಇದೂ ಸದ್ದಿಲ್ಲದೆ ಬೆಳೆಯುತ್ತದೆ. ದಪ್ಪಗಿದ್ದವರಿಗೆ ಮಾತ್ರ ಬರುತ್ತದೆಂಬ ನಂಬಿಕೆಯೂ ತಪ್ಪು; ತೆಳ್ಳಗಿರುವವರಿಗೂ ಬರುತ್ತದೆ.

ಇದು ಅಪರೂಪದ ಕಾಯಿಲೆಯೂ ಅಲ್ಲ. ಮುಂಬಯಿಯಲ್ಲಿ 15ರಿಂದ 24ರ ವಯಸ್ಸಿನ ತರುಣಿಯರನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಒಂದು ಮಾನದಂಡದಂತೆ ಶೇಕಡಾ 22.5, ಇನ್ನೊಂದರಂತೆ ಶೇಕಡಾ 10.7 ಮಂದಿಗೆ ಇದು ಇರುವುದನ್ನು ತೋರಿಸಿತು.

ಮೈನೆರೆದ ಮೊದಲ ಎರಡು ಮೂರು ವರ್ಷ ಮುಟ್ಟು ಏರುಪೇರಾಗುವುದು ಸಹಜ. ಆ ಮೇಲೂ ಮೂವತ್ತೈದು ದಿನಗಳಿಗಿಂತ ತಡವಾಗುತ್ತಿದ್ದರೆ ವೈದ್ಯರನ್ನು ಕಾಣಬೇಕು. ರಕ್ತದ ಸಕ್ಕರೆಯನ್ನೂ ಪರೀಕ್ಷಿಸಿಕೊಳ್ಳಬೇಕು. ಬೇರುಸಹಿತ ಕೀಳುವ ಮದ್ದಿಲ್ಲವಾದರೂ ವ್ಯಾಯಾಮ, ಹಿತಮಿತವಾದ ಆಹಾರ, ಔಷಧಿಗಳಿಂದ ಇದನ್ನು ಹತೋಟಿಯಲ್ಲಿಡಬಹುದು; ಚಿಕಿತ್ಸೆಯಿಂದ ಅನೇಕರು ತಾಯಂದಿರೂ ಆಗಿದ್ದಾರೆ.

ಬೆಳಗಿನ ಲೋಕಲ್ ಹಿಡಿದು ಹೋಗಿ ರಾತ್ರಿ ಹಿಂದಿರುಗುವ ನಮ್ಮ ಕಲ್ಯಾಣದ ಮಕ್ಕಳಿಗೆ ಊಟಕ್ಕೂ ನಡಿಗೆಗೂ ಹೊತ್ತೆಲ್ಲಿ? ಆ ಹೊತ್ತನ್ನು ನಾವು ಹಿರಿಯರೇ ಹೊಂದಿಸಿಕೊಡಬೇಕು. ಈಗ ಭಾನುವಾರಗಳಂದು ಕಾಳಾ ತಲಾವಿನ ದಂಡೆಯಲ್ಲಿ ನಾನೂ ಮಗಳೂ ನಡೆಯುತ್ತೇವೆ. ನಮ್ಮ ಸಂಘವು ವರ್ಷಕ್ಕೊಮ್ಮೆಯಾದರೂ ಈ ವಿಷಯದಲ್ಲಿ ವೈದ್ಯರ ಉಪನ್ಯಾಸ ಏರ್ಪಡಿಸಲಿ. ಅದಕ್ಕೆ ತಾಯಂದಿರಷ್ಟೇ ಅಲ್ಲ, ತಂದೆಯರೂ ಬರಲಿ. ವರಾನ್ವೇಷಣೆಗೆ ಮುಂಚೆ ಮಗಳ ಆರೋಗ್ಯವನ್ನು ವಿಚಾರಿಸುವುದು ನಮ್ಮ ಕರ್ತವ್ಯವಲ್ಲವೇ?